ತೊಗಲಿಗೊಂದು ಅಚ್ಚು, ಹಿಟ್ಟಿಗೊಂದು ಅಚ್ಚು

ಆದೋನಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ನನ್ನ ಕೈಚೀಲದ ಪಟ್ಟಿ ಹರಿದ ದಿನ ಕೋಸಗಿ ಕಡೆಗೆ ಹೋಗುವ ರೈಲು ಅರ್ಧ ತಾಸು ತಡವಾಗಿತ್ತು. ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿಬಿಡುತ್ತಿದ್ದೆ. ಈ ಮೊಳೆಗಳ ಸಹವಾಸ ನನಗೆ ಅಂಟಿಕೊಳ್ಳುತ್ತಲೇ ಇರಲಿಲ್ಲ.

ನಾನು ಕೋಸಗಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹಗಲೆಲ್ಲ ತೆಲುಗಿನಲ್ಲಿ ಭಾಗಾಕಾರ ಕಲಿಸಿ, ಸಂಜೆ ಆದೋನಿಗೆ ಬಂದು ಕನ್ನಡದಲ್ಲಿ ಸೊಸೆಯಾಗುತ್ತೇನೆ. ನಮ್ಮ ಮನೆಯವರದು ಹತ್ತಿ ವ್ಯಾಪಾರ. ಮನೆಯಲ್ಲಿ ನಾವಿಬ್ಬರು, ಮತ್ತೆ ಅತ್ತೆ. ಅತ್ತೆ ಎಪ್ಪತ್ತು ದಾಟಿದವರು. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ತೊಟ್ಟು ನೀರು ಕುಡಿಯುವುದಿಲ್ಲ. ಪೂಜೆ ಮುಗಿದ ಮೇಲೆ ಮನೆಯಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲ.

ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಚಪ್ಪಲಿ ಹೊಲಿಯಲು ಕೂರುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವನ ಪೆಟ್ಟಿಗೆಯನ್ನೂ ಜಾಗವನ್ನೂ ತಾನೇ ನಡೆಸಿಕೊಂಡು ಬಂದವಳು. ವರ್ಷಗಟ್ಟಲೆ ಅವಳ ಮುಂದೆ ಹಾದು ಹೋಗಿದ್ದೆ, ಒಮ್ಮೆಯೂ ನಿಂತಿರಲಿಲ್ಲ. ಅವತ್ತು ಹರಿದ ಚೀಲ ಮುಂದೆ ಹಿಡಿದು ನಿಂತೆ. ಅವಳು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ ನೋಡಿದಳು.

"ಎಷ್ಟು ಕೊಟ್ರಿ ಟೀಚರಮ್ಮ ಇದಕ್ಕ?"

"ಅದು ಅಸಲಿ ತೊಗಲಂತ ಹೇಳಿ ಕೊಟ್ರವ್ವಾ."

"ಇದು ತೊಗಲಲ್ಲ. ತೊಗಲಿನ ಫೋಟೋ," ಎಂದು ಹೇಳಿ, ಆ ರೆಗ್ಜಿನ್ ಪಟ್ಟಿಯನ್ನು ಕತ್ತರಿಸಿ ಎಸೆದು, ತನ್ನ ಪೆಟ್ಟಿಗೆಯಿಂದ ಕಂದು ಬಣ್ಣದ ಒಂದು ಉದ್ದನೆ ಚೂರು ತೆಗೆದು ಹೊಲಿಯತೊಡಗಿದಳು. ಹೊಲಿದು ಮುಗಿದ ಮೇಲೆ, ನಾನು ಕೇಳದೆಯೇ, ಡಬ್ಬಿಯಿಂದ ಒಂದು ಮೊಳೆ ತೆಗೆದು ಪಟ್ಟಿಯ ತುದಿಯಲ್ಲಿ ಸರಿಸಿ ಸರಿಸಿ ಇಟ್ಟು ಮೂರು ಸಲ ಕುಟ್ಟಿದಳು. ಮೊಳೆ ಎತ್ತಿದರೆ ಅಲ್ಲಿ ಎಳ್ಳಿನ ಕಾಳಿನಷ್ಟು ಚಿಕ್ಕವು ಮೂರು ಹೂವು.

"ಈ ಅಚ್ಚು ಎಲ್ಲಿ ಸಿಗತೈತಿ?" ಎಂದು ಕೇಳಿದೆ.

"ಸಿಗೋದೇನು? ಮಳಿ ಅದು. ಬಾಗಲಿಗೆ ಹೊಡೀತಾರಲ್ಲ, ಅದ. ತುದಿ ಕೊಯ್ದು ನಾನ ತಿಕ್ಕೀನಿ."

ಮೊಳೆಯನ್ನು ನನ್ನ ಅಂಗೈಗೆ ಹಾಕಿದಳು. ತಲೆ ಏಟು ತಿಂದು ಅಣಬೆಯ ಹಾಗೆ ಹರಡಿತ್ತು. ಇನ್ನೊಂದು ತುದಿಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ, ಐದು ಎಸಳು. ಸಾಮಾನೆಲ್ಲ ಅಂಗಡಿಯಲ್ಲೇ ಹುಟ್ಟುತ್ತದೆ ಎಂದು ನಲವತ್ತೆಂಟು ವರ್ಷ ನಂಬಿಕೊಂಡು ಬಂದಿದ್ದ ನನಗೆ ಆ ಮೊಳೆ ಏನೋ ಮಾಡಿತು. ಅವತ್ತು ತರಗತಿಯಲ್ಲಿ ಮಕ್ಕಳು ಲೆಕ್ಕ ಬಿಡಿಸುತ್ತಿದ್ದರೆ ನಾನು ಪಟ್ಟಿಯ ಹೂವನ್ನು ಉಗುರಿನಿಂದ ಸವರುತ್ತ ಕೂತಿದ್ದೆ.

ಮಾರನೆಯ ದಿನ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಕಿಲೋ ದಪ್ಪ ಮೊಳೆ, ಕಬ್ಬಿಣ ಕೊಯ್ಯುವ ಗರಗಸ, ಮುಕ್ಕೋನಿ ಅರ, ಸೂಜಿಯಷ್ಟು ಸಣ್ಣ ಅರಗಳ ಒಂದು ಕಟ್ಟು, ಮೊಳೆ ಬಿಗಿಯಲು ಅಂಗೈಯಗಲದ ವೈಸು, ಎಲ್ಲ ಕೇಳಿದೆ. ಅಂಗಡಿಯವರು ಒಂದೊಂದೇ ತೆಗೆದಿಡುತ್ತ, "ಮನಿ ಕಟ್ಟಿಸ್ತೀರೇನ್ರಿ ಮೇಡಂ?" ಎಂದರು.

"ಇಲ್ರಿ, ಹೂವು ಮಾಡ್ತೀನಿ."

ಅವರು ಚೀಲವನ್ನು ಬಹಳ ಮೆಲ್ಲಗೆ ನನ್ನ ಕೈಗೆ ಕೊಟ್ಟರು.

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಅತ್ತೆ ಮೊಳೆಗಳನ್ನು ನೋಡಿದರು. ಅವು ಯಾತಕ್ಕೆ ಎಂದು ಗೊತ್ತಾದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಮನೆಯವರು ಪೇಪರು ಮುಖಕ್ಕೆ ಅಡ್ಡ ಹಿಡಿದರು.

"ಮಳಿ ಕಬ್ಬಿಣ. ಕಬ್ಬಿಣಕ್ಕ ಮೈಲಿಗಿ ಇಲ್ಲ, ಅದು ಎಲ್ಲೆರೆ ಇರ್ಲಿ," ಎಂದು ಅತ್ತೆ ತೀರ್ಪು ಶುರು ಮಾಡಿದರು. "ತೊಗಲು ಮಾತ್ರ ಮಾಳಿಗಿ ಮ್ಯಾಲೆ. ಮೆಟ್ಟಲ ಇಳಿದು ಕೆಳಗ ಬರಬಾರದು. ನೀನು ಇಳಿದು ಬರೋವಾಗ ಕೈಕಾಲು ತೊಳಕೊಂಡು ಬಾ. ಅಡಿಗಿಮನಿಗೆ ಬರೋದಿದ್ರ ಸೀರಿ ಬದಲಿ ಮಾಡು."

"ಅತ್ತಿ, ಮಲಗೋ ಕ್ವಾಣ್ಯಾಗ ಇವರ ಬೆಲ್ಟ್ ಗೂಟಕ್ಕ ತೂಗಾಡ್ತೈತಲ್ರಿ. ಅದು ತೊಗಲಲ್ಲೇನ್ರಿ?"

"ಅದು ಬೆಲ್ಟು."

"ಬೆಲ್ಟು ತೊಗಲಿಂದ ಮಾಡ್ತಾರ್ರಿ."

"ಬೆಲ್ಟು ಬೆಲ್ಟು, ತೊಗಲು ತೊಗಲು. ಗಣಿತದ ಟೀಚರಾಗಿ ಇಷ್ಟು ತಿಳಿಯಂಗಿಲ್ಲೇನಬೇ ನಿನಗ?"

ಪೇಪರಿನ ಹಿಂದಿನಿಂದ ಕೆಮ್ಮಿನಂಥ ಒಂದು ನಗು ಬಂತು. ನಾನು ಒಪ್ಪಿಕೊಂಡೆ.

ಹೀಗೆ ನಮ್ಮ ಮಾಳಿಗೆ ನನ್ನ ಕಾರ್ಖಾನೆಯಾಯಿತು. ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಹಳೆಯ ಮಣೆ, ಮಣೆಗೆ ಬಿಗಿದ ವೈಸು, ಕುಟ್ಟಲು ಮನೆ ಕಟ್ಟಿಸುವಾಗ ಉಳಿದಿದ್ದ ಒಂದು ಗ್ರಾನೈಟ್ ತುಂಡು. ಭಾನುವಾರ ಬೆಳಿಗ್ಗೆ ಅಲ್ಲಿ ಕೂತು ಮೊಳೆಯ ಚೂಪು ಕೊಯ್ದು, ತುದಿಯನ್ನು ಮಟ್ಟಸ ಮಾಡಿ, ಸಣ್ಣ ಅರದಿಂದ ಗೀರತೊಡಗಿದೆ. ನೋಡಿದಷ್ಟು ಸುಲಭವಾಗಿರಲಿಲ್ಲ. ಅರ ಜಾರಿ ಹೆಬ್ಬೆರಳಿಗೆ ತಾಗಿತು. ಅರದ ಹಲ್ಲುಗಳ ನಡುವೆ ಕಬ್ಬಿಣದ ಪುಡಿ ಕೂತು ಅರ ಮೊಂಡಾಯಿತು. ಹೀಗಾದಾಗ ಅರಕ್ಕೆ ಸೀಮೆಸುಣ್ಣ ತಿಕ್ಕಿದರೆ ಪುಡಿ ಅಂಟುವುದಿಲ್ಲ ಎಂದು ಫೋನಿನಲ್ಲಿ ಯಾರೋ ಒಬ್ಬರು ವಿಡಿಯೋ ಮಾಡಿ ಹೇಳಿದ್ದರು. ಇಪ್ಪತ್ತೆರಡು ವರ್ಷದ ಮೇಷ್ಟ್ರಿಕೆಯಲ್ಲಿ ನನ್ನ ಚೀಲದೊಳಗೆ ಸೀಮೆಸುಣ್ಣಕ್ಕೆ ಯಾವತ್ತೂ ಬರ ಬಂದಿರಲಿಲ್ಲ. ಈ ವಿದ್ಯೆಗೆ ನಾನು ಅರ್ಧ ಹಾದಿ ಆಗಲೇ ಬಂದುಬಿಟ್ಟಿದ್ದೇನೆ ಅನಿಸಿ ಖುಷಿಯಾಯಿತು.

ಮೊದಲ ಅಚ್ಚು ಒಂದು ಅರ್ಧಚಂದ್ರ. ಅದರ ಹೊರ ಅಂಚಿಗೆ ಐದು ಕಿರಣ. ಬಜಾರಿನಲ್ಲಿ ಚೀಲ ಹೊಲಿಯುವವರ ಹತ್ತಿರ ಹೊಳೆಯುವ ಕಪ್ಪು ತೊಗಲಿನ ಚೂರುಗಳನ್ನು ತಂದಿದ್ದೆ. ಗ್ರಾನೈಟಿನ ಮೇಲೆ ಚೂರು ಹಾಸಿ, ಮೊಳೆ ನಿಲ್ಲಿಸಿ, ಮರದ ಕೊಡತಿಯಿಂದ ಒಂದು ಏಟು ಕೊಟ್ಟೆ. ಚಂದ್ರ ಮೂಡಿದ. ನಾನು ಮುಖ ಬಗ್ಗಿಸಿ ನೋಡುವುದರೊಳಗೆ ಮೆಲ್ಲಗೆ ಉಬ್ಬಿ ಮಾಯವಾದ. ಮತ್ತೆ ಹೊಡೆದೆ, ಮತ್ತೆ ಮಾಯ. ಸಿಟ್ಟು ಬಂದು ಜೋರಾಗಿ ಹೊಡೆದೆ. ಈ ಸಲ ಚಂದ್ರ ತೊಗಲನ್ನು ಕತ್ತರಿಸಿಕೊಂಡು ಆ ಕಡೆಯಿಂದ ಹೊರಗೆ ಬಿದ್ದ. ಎರಡು ಭಾನುವಾರ ಹೀಗೇ ಹೋದವು. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಗಿಸಲು ಬಂದ ಹೆಂಗಸು, "ಅಕ್ಕಾ, ಏನರ ರಿಪೇರಿ ನಡದೈತೇನ್ರಿ?" ಎಂದು ಕೇಳಿದರೆ, "ಹೂಂ, ನನ್ನದ," ಎಂದೆ.

ಸೋಮವಾರ ಬೆಳಿಗ್ಗೆ ಮೊಳೆ ಮತ್ತು ತೂತುಬಿದ್ದ ಚೂರುಗಳನ್ನು ತೆಗೆದುಕೊಂಡು ಹೋಗಿ ಮುದುಕಿಯ ಮುಂದೆ ಇಟ್ಟೆ. ಪೇಟೆಯ ಟೀಚರೊಬ್ಬಳು ತನ್ನ ಕಸುಬಿಗೆ ಕೈ ಹಾಕಿದ್ದಕ್ಕೆ ಏನೆಂದುಕೊಳ್ಳುತ್ತಾಳೋ ಎಂದು ಅಂಜಿಕೆಯಿತ್ತು. ಅವಳು ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ಇದು ಫ್ಯಾಕ್ಟರಿ ತೊಗಲಮ್ಮಾ. ಕೆಮಿಕಲ್ ಮಂದು ಹಾಕಿ ಹದ ಮಾಡ್ಯಾರ. ಇದಕ್ಕ ನೆನಪಿರಂಗಿಲ್ಲ. ನೀವು ಎಷ್ಟು ಹೊಡೆದ್ರೂ ಮರೀತೈತಿ."

"ಮತ್ತ ನಿನ್ನ ತೊಗಲು?"

"ಇದು ತಂಗಡಿ ತೊಗಟ್ಯಾಗ ಹದ ಆಗಿದ್ದು. ಒಮ್ಮಿ ಹೇಳಿದ್ರ ಸಾಯೋ ತನಕ ನೆನಪಿಟ್ಟುಕೊಂತೈತಿ."

ನಮ್ಮ ಕಡೆಯ ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡವನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಅದರ ತೊಗಟೆಗೆ ಇಂಥ ಕೆಲಸ ಇದೆ ಎಂದು ಗೊತ್ತಿರಲಿಲ್ಲ. ಮುದುಕಿ ನನ್ನ ಮೊಳೆಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿ ಎಳೆದಳು. ಬಿಳಿಯ ಗೀರು ಮೂಡಿತು.

"ಕೆನ್ನಿಗೆ ಹಚ್ಚಿ ನೋಡ್ರಿ. ಕೆನ್ನಿ ಕೆರೆದ್ರ ತೊಗಲೂ ಕೆರೀತೈತಿ. ಉಪ್ಪುಕಾಗದದಾಗ ತಿಕ್ಕಿ ಅಂಚು ಸಣ್ಣ ಮಾಡ್ರಿ. ಇನ್ನ, ಒಣಾ ತೊಗಲಿಗೆ ಯಾರು ಹೊಡೀತಾರ? ಒದ್ದಿ ಬಟ್ಟೀಲೆ ಒರಸ್ರಿ, ನೆನಸಬ್ಯಾಡ್ರಿ. ಒರೆಸಿದ ಕೂಡಲೆ ಕಪ್ಪಾಗತೈತಿ. ತಡೀರಿ. ಮತ್ತ ತನ್ನ ಬಣ್ಣಕ್ಕ ತಿರುಗತೈತಲ್ಲ, ಆವಾಗ ಹೊಡೀರಿ."

"ಎಷ್ಟು ನಿಮಿಷ ತಡೀಬೇಕು?"

"ನಿಮಿಷ ಯಾರಿಗೊತ್ತು. ರೊಟ್ಟಿ ಹಿಟ್ಟಿಗೆ ನೀರು ಗಡಿಯಾರ ನೋಡಿ ಹಾಕ್ತೀರೇನು?"

ಅಂಗೈಯಗಲದ ಒಂದು ಚೂರನ್ನು ಕೊಟ್ಟಳು. ನಾನು ಪರ್ಸಿಗೆ ಕೈ ಹಾಕಿದರೆ, "ಮೊದಲ ಚಂದ್ರ ಮಾಡಿ ತರ್ರಿ," ಎಂದು ಕೈಯಾಡಿಸಿದಳು.

ಉಪ್ಪುಕಾಗದದಿಂದ ಅಂಚು ತಿಕ್ಕಿ, ಕೆನ್ನೆಗೆ ಹಚ್ಚಿ, ಮತ್ತೆ ತಿಕ್ಕಿ, ಮತ್ತೆ ಕೆನ್ನೆಗೆ ಹಚ್ಚಿ, ಕೊನೆಗೆ ಒಂದು ಭಾನುವಾರ ತೊಗಲು ಒರೆಸಿ ಕಾದೆ. ಕಪ್ಪು ನಿಧಾನಕ್ಕೆ ತಿಳಿಯಾಗಿ ಕಂದಿಗೆ ತಿರುಗಿತು. ಹೊಡೆದೆ. ಚಂದ್ರ ಮೂಡಿದ, ಐದು ಕಿರಣಗಳ ಸಮೇತ, ಒಳಗೆಲ್ಲ ಕಾಫಿ ಬಣ್ಣವಾಗಿ. ಒಂದು ನಿಮಿಷ ಕಾದೆ. ಮಾಯವಾಗಲಿಲ್ಲ. ಆ ಚೂರಿನ ಮೇಲೆ ಅವತ್ತು ನಲವತ್ತು ಚಂದ್ರರನ್ನು ಹೊಡೆದಿರಬೇಕು. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ನಮ್ಮ ಮನೆಯವರು ಅದನ್ನು ತಿರುಗಿಸಿ ನೋಡಿ, "ಇಷ್ಟು ಚಂದ್ರ ಇದ್ರೂ ಅನ್ನ ಆರಿ ಹೋಗೈತಿ," ಎಂದರು.

ದೀಪಾವಳಿ ಹೊತ್ತಿಗೆ ನನ್ನ ಹತ್ತಿರ ಹನ್ನೊಂದು ಅಚ್ಚುಗಳಿದ್ದವು. ಹೂವು, ಎಲೆ, ಭತ್ತದ ಕಾಳು, ಮೂರು ಬಗೆಯ ಚುಕ್ಕೆ. ಬೋಲ್ಟಿನ ಮುಖಕ್ಕೆ ಅಡ್ಡಡ್ಡ ಗೀರಿದರೆ ಚಾಪೆ ಹೆಣೆದಂತೆ ಬರುತ್ತದೆ ಎಂಬುದನ್ನು ನಾನೇ ಕಂಡುಕೊಂಡಿದ್ದೆ. ನಮ್ಮ ಮನೆಯವರ ಪಾಕೀಟು, ಸಹೋದ್ಯೋಗಿಗಳ ಕೀಲಿಕೈ ಗೊಂಚಲು, ಯಾವುದನ್ನೂ ನಾನು ಖಾಲಿ ಬಿಟ್ಟಿರಲಿಲ್ಲ.

ಆ ಸಲ ಹಬ್ಬಕ್ಕೆ ಪತ್ತಿಕೊಂಡದಿಂದ ಅತ್ತೆಯ ತಮ್ಮ ಬರುವವರಿದ್ದರು. ಅವರ ಮಡಿ ಎಂಥದೆಂದರೆ, ಅವರ ಮುಂದೆ ನಮ್ಮ ಅತ್ತೆಯೇ ತುಸು ಸಡಿಲ ಅನಿಸುತ್ತಿದ್ದರು. ಪರಸ್ಥಳದಲ್ಲಿ ನೀರು ಕುಡಿಯಲು ತಮ್ಮದೇ ತಂಬಿಗೆ ತರುವವರು. ತಮ್ಮನಿಗೆ ಕರ್ಜಿಕಾಯಿ ಅಂದರೆ ಜೀವ ಎಂದು ಅತ್ತೆ ಹಿಂದಿನ ವಾರವೇ ಕೊಬ್ಬರಿ, ಬೆಲ್ಲ, ಗಸಗಸೆ ಎಲ್ಲ ಸಜ್ಜು ಮಾಡಿದರು. ಕರ್ಜಿಕಾಯಿಯ ಅಂಚು ಕೊಯ್ಯುವ ಹಿತ್ತಾಳೆ ಗಾಲಿ ತೆಗೆದು ನೋಡಿದರೆ ಅದರ ಹಲ್ಲು ಸವೆದು ಮುದುಕಿಯ ಬಾಯಿಯಂತಾಗಿತ್ತು. ಬಜಾರಿನಲ್ಲಿ ಸಿಕ್ಕ ಪ್ಲಾಸ್ಟಿಕ್ ಗಾಲಿ ಅತ್ತೆಗೆ ಹಿಡಿಸಲಿಲ್ಲ.

ಎರಡು ದಿನ ಬಿಟ್ಟು ಅತ್ತೆ ನನ್ನ ಹತ್ತಿರ ಬಂದು, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿದರು: "ನಿನ್ನ ಆ ಚಂದ್ರ ಹಿಟ್ಟಿನ ಮ್ಯಾಲೂ ಬೀಳತಾನೇನು?"

"ತೊಗಲಿಗೆ ಹೊಡೆದದ್ದು ಅದು, ಅತ್ತಿ."

"ಅದಲ್ಲ. ಹೊಸಾದು. ತೊಗಲು ಮುಟ್ಟಲಾರದ್ದು."

ಹೊಸ ಮೊಳೆಯಲ್ಲಿ ಅದೇ ಅಳತೆಯ ಇನ್ನೊಂದು ಅರ್ಧಚಂದ್ರ ಮಾಡಿದೆ. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುದಿಯುವ ನೀರಿನಲ್ಲಿ ಮೂರು ಸಲ ಮುಳುಗಿಸಿ ತೆಗೆದರು. ಗುರುತಿಗೆಂದು ಅದರ ತಲೆಯ ಮೇಲೆ ಅರದಿಂದ ಒಂದು ಗೀರು ಹಾಕಿದೆ. ಗೀರಿದ್ದದ್ದು ಅಡಿಗೆಮನೆಗೆ, ಗೀರಿಲ್ಲದ್ದು ಮಾಳಿಗೆಗೆ. ಕರ್ಜಿಕಾಯಿ ಮಡಚಿ ಅಂಚಿಗೆ ಒತ್ತಿದರೆ ಎರಡು ಪದರವೂ ಗಟ್ಟಿಯಾಗಿ ಕೂಡಿಕೊಂಡು, ಅಂಚಿನುದ್ದಕ್ಕೂ ಚಂದ್ರರ ಸಾಲು. ಅತ್ತೆ ಒಂದು ಒತ್ತಿದರು. ಸ್ವಲ್ಪ ದೂರ ಹಿಡಿದು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಉಳಿದದ್ದನ್ನೆಲ್ಲ ತಾವೇ ಒತ್ತಿದರು. ಅವರ ಅಂಥ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ; ನಾಲಿಗೆ ತುದಿ ತುಟಿಯಾಚೆ ಬಂದಿತ್ತು.

ಅದು ಮೊದಲ ಸುತ್ತು. ತೊಳೆದ ಮೊಳೆ ತುಕ್ಕು ಹಿಡಿಯಬಾರದೆಂದು ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು ಮಾಳಿಗೆಯ ಬಿಸಿಲಿಗೆ ಇಡಲು ಹೇಳಿದರು. ಇಟ್ಟೆ. ಮಾರನೆಯ ಬೆಳಿಗ್ಗೆ ರೈಲಿಗೆ ಹೊತ್ತಾಗಿತ್ತು. ಓಡಿ ಮಾಳಿಗೆ ಹತ್ತಿ, ಬಿಸಿಲಲ್ಲಿ ನನ್ನ ಮೊಳೆಗಳ ಪಕ್ಕ ಇದ್ದ ಚಂದ್ರನನ್ನು ಎತ್ತಿಕೊಂಡು, ಉಳಿದವನ್ನು ಡಬ್ಬಿಗೆ ಸುರಿದು, ಕೆಳಗೆ ತಂದು ಅಡಿಗೆಮನೆ ಕಟ್ಟೆಯ ಮೇಲಿಟ್ಟು ಸ್ಟೇಷನ್ನಿಗೆ ಹೋದೆ. ಅವತ್ತು ಅತ್ತೆ ಎರಡನೆಯ ಸುತ್ತು ಕರ್ಜಿಕಾಯಿ ಮಾಡಿದರು.

ಹಬ್ಬದ ದಿನ ಅತ್ತೆಯ ತಮ್ಮ ಬಂದರು, ತಂಬಿಗೆಯ ಸಮೇತ. ಪೂಜೆ ಮುಗಿಸಿ ಕೂತರು. ಅತ್ತೆ ತಟ್ಟೆ ಮುಂದಿಟ್ಟರು. ಅವರು ಒಂದು ಕರ್ಜಿಕಾಯಿ ಎತ್ತಿ ಅಂಚನ್ನು ತಿರುವಿ ತಿರುವಿ ನೋಡಿ, "ಅಕ್ಕಾ, ಇದೇನಿದು ಚಂದ್ರನ ಸಾಲು," ಎಂದು ಬಾಯಿಗೆ ಹಾಕಿದರು. ಆಮೇಲೆ ಇನ್ನೊಂದು, ಮತ್ತೊಂದು. ನಾನು ಚಹಾಕ್ಕೆ ಹಾಲು ಕಾಯಿಸಲು ಇಟ್ಟು, ಅವರಿಗೆ ತೋರಿಸೋಣವೆಂದು ತೊಗಲಿನ ಕೆಲಸದ ಫೋಟೋ ತೆಗೆಯಲು ಮಾಳಿಗೆ ಹತ್ತಿದೆ. ಡಬ್ಬಿ ತೆಗೆದೆ. ಅರ್ಧಚಂದ್ರದ ಮೊಳೆ ಕೈಗೆ ಬಂತು. ಅದರ ತಲೆಯ ಮೇಲೆ ಒಂದು ಗೀರಿತ್ತು.

ಗೀರಿದ್ದದ್ದು ಇಲ್ಲಿದ್ದರೆ ಗೀರಿಲ್ಲದ್ದು ಎಲ್ಲಿದೆ ಎಂದು ತಿಳಿಯಲು ಗಣಿತ ಓದಬೇಕಿಲ್ಲ. ಮಾಳಿಗೆಯ ಮೆಟ್ಟಿಲ ಮೇಲೆ ಒಂದು ಕ್ಷಣ ಕೂತೆ. ಹೇಳದೆ ಇದ್ದುಬಿಡಬಹುದಿತ್ತು, ಜಗತ್ತಿನಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ಆದರೆ ಅತ್ತೆ ನಾಲಿಗೆ ಹೊರಚಾಚಿ ಚಂದ್ರ ಒತ್ತಿದ್ದು ಕಣ್ಣ ಮುಂದೆ ಬಂತು. ಅವರ ಕೈಯಿಂದ ಹೀಗೆ ಮಾಡಿಸಿ ಸುಮ್ಮನಿರಲು ಆಗಲಿಲ್ಲ. ಕೆಳಗಿಳಿದು, ಅತ್ತೆಯನ್ನು ಅಡಿಗೆಮನೆಗೆ ಕರೆದು, ಮೊಳೆಯನ್ನು ಸೆರಗಿನಡಿಯಿಂದ ತೋರಿಸಿದೆ. 

"ಅತ್ತಿ, ತಪ್ಪಾಗೈತ್ರಿ. ನಿನ್ನೆ ನಾನು ತಂದಿಟ್ಟಿದ್ದು ಇದಲ್ಲ. ತೊಗಲಿನ ಮಳಿ."

ಅತ್ತೆ ಮೊಳೆಯ ತಲೆ ನೋಡಿದರು. ಕಟ್ಟೆಯ ಮೇಲಿದ್ದ ಇನ್ನೊಂದರ ತಲೆ ನೋಡಿದರು. ಹಾಲು ಉಕ್ಕುವುದರಲ್ಲಿತ್ತು, ಒಲೆ ಆರಿಸಿದರು. ಪಡಸಾಲೆಯಿಂದ ಅವರ ತಮ್ಮ ಕರ್ಜಿಕಾಯಿ ಕಡಿಯುವ ಸದ್ದು ಕೇಳುತ್ತಿತ್ತು.

"ನಾ ಅದನ್ನ ಒತ್ತೋಕಿಂತ ಮೊದ್ಲು ಕುದಿಯೋ ನೀರಾಗ ಹಾಕಿದ್ದೆ," ಎಂದರು ಮೆಲ್ಲಗೆ.

"ಹೌದ್ರಿ?"

"ಪ್ರತಿ ಸಲ ಹಾಕ್ತೀನಿ." ಹಾಲಿಗೆ ಮುಚ್ಚಳ ಮುಚ್ಚಿದರು. "ಎಷ್ಟು ತಿಂದಾನ?"

"ಎಂಟೋ ಒಂಬತ್ತೋ ಆಗ್ಯಾವ್ರಿ."

"ಏನಂದ?"

"ಇಷ್ಟು ಚಂದದ್ದು ಎಲ್ಲೂ ತಿಂದಿಲ್ಲ ಅಂದ್ರು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಭುಜ ಅಲುಗುತ್ತಿತ್ತು. ನೋಡಿದರೆ ನಗು, ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಸಾವರಿಸಿಕೊಂಡ ಮೇಲೆ ಎರಡೂ ಮೊಳೆಗಳನ್ನು ತಮ್ಮ ಸೊಂಟದ ಚೀಲಕ್ಕೆ ಸೇರಿಸಿದರು.

"ಸಣ್ಣಾಂವ ಇದ್ದಾಗ ನಾ ಅವನ ತಾಟು ಮುಟ್ಟಿದೆ ಅಂತ ಊಟ ಬಿಟ್ಟು ಎದ್ದಿದ್ದ. ನಾನು ಅವನ ಅಕ್ಕ," ಎಂದರು. "ನೀನು ಇದನ್ನ ಯಾರ ಮುಂದೂ ಆಡಬ್ಯಾಡ. ಚಹಾ ಕೊಡು ಹೋಗು."

ಹೊರಡುವಾಗ ಅತ್ತೆಯ ತಮ್ಮ ಒಂದು ಡಬ್ಬಿ ತುಂಬ ಕಟ್ಟಿಸಿಕೊಂಡು ಹೋದರು. ಕಟ್ಟಿಕೊಟ್ಟದ್ದೂ ಎರಡನೆಯ ಸುತ್ತಿನದೇ. ಈಗ ಇಲ್ಲಿ ಬರೆಯುತ್ತಿದ್ದೇನಲ್ಲ ಎಂದರೆ, ಅವರು ಓದುವುದು ತೆಲುಗು ಪೇಪರು ಮಾತ್ರ.

ನಗು ಬೇರೆ, ನೇಮ ಬೇರೆ. ಹಬ್ಬ ಮುಗಿದ ಮಾರನೆಯ ದಿನ ಅತ್ತೆ ಹೊಸ ಕಟ್ಟಳೆ ಮಾಡಿದರು. ಹಿಟ್ಟಿಗೆ ಹಿತ್ತಾಳೆ, ತೊಗಲಿಗೆ ಕಬ್ಬಿಣ; ಕುರುಡಿಗೂ ಗೊತ್ತಾಗಬೇಕು. ನಾನು ಹಿತ್ತಾಳೆಯ ಸರಳು ತಂದು ಕೊಯ್ದು ಅವರಿಗೆ ಬೇರೆಯದೇ ಒಂದು ಜೊತೆ ಮಾಡಿಕೊಟ್ಟೆ. ಹಿತ್ತಾಳೆ ಮೊಳೆಗಿಂತ ಮೆತ್ತಗೆ, ಅರಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಾಡುವಾಗ ಅತ್ತೆ ಪಕ್ಕದಲ್ಲೇ ಕೂತು, ಎಸಳು ದಪ್ಪವಾಯಿತು, ಕಿರಣ ಗಿಡ್ಡವಾಯಿತು ಎಂದು ಹೇಳುತ್ತಿದ್ದರು. ಹಾಗೆ ಹೇಳಲು ಅವರು ಮಾಳಿಗೆಗೇ ಬರಬೇಕಾಯಿತು. ಬಂದರೆ ಅಲ್ಲಿ ತೊಗಲಿತ್ತು. ಅವರು ಅದನ್ನು ಮುಟ್ಟಲಿಲ್ಲ, ಆದರೆ ನೋಡಿದರು.

ಒಂದು ಭಾನುವಾರ ತಾವಾಗಿಯೇ ಕೇಳಿದರು. "ನಿನಗ ಇದು ಕಲಿಸಿದಾಕಿ ಎಲ್ಲಿರ್ತಾಳ?"

ಆಟೋದಲ್ಲಿ ಕರೆದುಕೊಂಡು ಹೋದೆ. ನೆಪಕ್ಕೆ ತಮ್ಮ ಚಪ್ಪಲಿಯ ಉಂಗುಷ್ಟ ಕಿತ್ತಿದೆ ಎಂದರು. ಕಿತ್ತಿರಲಿಲ್ಲ, ಮನೆಯಲ್ಲಿ ಅವರೇ ಎಳೆದು ಕೀಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಮೊದಲು ಬಿಸಿಲಲ್ಲೇ ದೂರ ನಿಂತರು. ಮುದುಕಿ ತಲೆ ಎತ್ತಿ, "ನೆಳ್ಳಿಗೆ ಬರ್ರಿ ಅಮ್ಮಾ, ಬಿಸಿಲಿಗೆ ಯಾವ ಮಡಿನೂ ಇಲ್ಲ," ಎಂದಳು. ಅತ್ತೆ ಬಂದು ಗಿರಾಕಿಗಳು ಕೂರುವ ಕಲ್ಲಿನ ತುದಿಗೆ ಕೂತರು.

"ಯಾವ ಊರು ನಿಂದು?"

"ಪತ್ತಿಕೊಂಡ ಹತ್ರರಿ."

"ನನ್ನ ತೌರುಮನೀನೂ ಅಲ್ಲೇ."

ಆಮೇಲೆ ನನ್ನನ್ನು ಇಬ್ಬರೂ ಮರೆತರು. ಯಾವ ಗುಡ್ಡದ ಹಿಂದೆ ತಂಗಡಿ ದಟ್ಟ ಬೆಳೆಯುತ್ತಿತ್ತು, ಯಾವ ಬಾವಿಯ ನೀರು ಉಪ್ಪಾಗಿತ್ತು ಎಂದು ಮಾತು ನಡೆಯಿತು. ತಂಗಡಿ ಹೂ ಕಿತ್ತು ಮುಡಿಯುತ್ತಿದ್ದೆ ಎಂದು ಅತ್ತೆ ಹೇಳಿದರೆ, ಅದರ ತೊಗಟೆ ಹೊತ್ತು ಹೊತ್ತು ನನ್ನ ಬೆನ್ನು ಹೋಯಿತು ಎಂದು ಮುದುಕಿ ಹೇಳಿದಳು. ಅತ್ತೆ ಅವಳ ಬೆನ್ನು ನೋಡಿದರು. ಮುದುಕಿ ಉಂಗುಷ್ಟ ಹೊಲಿದು ಕೊಟ್ಟಳು. "ಇದು ತಾನಾಗಿ ಕಿತ್ತಿದ್ದಲ್ಲ," ಎಂದಳು, ಅಷ್ಟೆ.

ಮನೆಗೆ ಬಂದು ಅತ್ತೆ ಸ್ನಾನ ಮಾಡಿದರು. ಇದನ್ನು ಬರೆಯದಿದ್ದರೆ ಕಥೆ ಇನ್ನೂ ಚಂದ ಕಾಣುತ್ತಿತ್ತು, ಆದರೆ ಮಾಡಿದರು. ಮುಂದಿನ ತಿಂಗಳು ಮತ್ತೆ ಹೋದರು, ಮತ್ತೆ ಬಂದು ಸ್ನಾನ ಮಾಡಿದರು. ಹೋಗುವುದನ್ನಂತೂ ಬಿಡಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಮುದುಕಿ ನನಗೊಂದು ಕೆಲಸ ಹೇಳಿದಳು. ಅಷ್ಟು ದಿನ ಕಲಿಸಿದ್ದಕ್ಕೆ ಏನೂ ತೆಗೆದುಕೊಂಡಿರಲಿಲ್ಲ.

"ನನ್ನ ಹೆಸರಿನ ಮೊದಲ ಅಕ್ಷರ ಮಾಡಿಕೊಡ್ರಿ ಟೀಚರಮ್ಮ. ನಾ ಹೊಲಿದ ಚಪ್ಪಲಿ ಮ್ಯಾಲೆ ಹೊಡೀತೀನಿ."

"ಕನ್ನಡದಾಗೋ, ತೆಲುಗಿನಾಗೋ?"

"ಯಾವುದರೆ ಇರ್ಲಿ. ನನಗ ಎರಡೂ ಬರಂಗಿಲ್ಲ."

ಅವಳ ಹೆಸರು 'ನ'ದಿಂದ ಶುರುವಾಗುತ್ತದೆ. ಎರಡು ಲಿಪಿಯಲ್ಲೂ 'ನ'ದ ಮೈ ಒಂದೇ. ಕನ್ನಡದಲ್ಲಿ ತಲೆಯ ಮೇಲೆ ಅಡ್ಡಗೆರೆ, ತೆಲುಗಿನಲ್ಲಿ ಓರೆಯಾದ ಒಂದು ಟಿಕ್ಕು. ನಾನು ಎರಡರ ನಡುವಿನದೊಂದು ಗೆರೆ ಹಾಕಿ, ಕನ್ನಡದವರು ಕನ್ನಡವೆಂದೂ ತೆಲುಗಿನವರು ತೆಲುಗೆಂದೂ ಓದುವ ಹಾಗೆ ಮಾಡಲು ಹೊರಟೆ. ಈ ಗಡಿಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಅಚ್ಚು ಯಾರೂ ಮಾಡಿರಲಾರರು ಎಂದು ಒಳಗೊಳಗೇ ಬೀಗುತ್ತಿದ್ದೆ. ದಪ್ಪ ಬೋಲ್ಟಿನ ಮುಖದ ಮೇಲೆ ಪೆನ್ನಿನಿಂದ ಅಕ್ಷರ ಬರೆದು, ಅಕ್ಷರವನ್ನು ಬಿಟ್ಟು ಉಳಿದದ್ದನ್ನೆಲ್ಲ ಸೂಜಿ ಅರದಿಂದ ತಿಕ್ಕಿ ತೆಗೆಯಬೇಕು. ರಜೆಯ ಮೂರು ವಾರ ಹಿಡಿಯಿತು. ಎರಡು ಅರ ಮುರಿದವು. ಕೆನ್ನೆಗೆ ಹಚ್ಚಿದರೆ ರೇಷ್ಮೆಯ ಹಾಗಿತ್ತು.

ಅದನ್ನು ಕೊಡಲು ಹೋದ ದಿನ ಅತ್ತೆಯೂ ಬಂದರು. ಮುದುಕಿ ಹೊಸ ಚಪ್ಪಲಿಯ ಅಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಸಜ್ಜಾಗಿಟ್ಟಿದ್ದಳು. ಸುತ್ತ ಒಂದಿಬ್ಬರು ರೈಲಿಗೆ ಕಾಯುವವರು ಬಂದು ನಿಂತರು. ಬಣ್ಣ ತಿರುಗಿತು. ಅವಳು ಒಂದೇ ಏಟು ಕೊಟ್ಟಳು. ಬೋಲ್ಟು ಎತ್ತಿದೆವು. ಅಕ್ಷರ ಬಹಳ ಸ್ಪಷ್ಟವಾಗಿ, ಅಂಚು ಎಲ್ಲೂ ಹರಿಯದೆ, ಎಡಬಲ ಅದಲುಬದಲಾಗಿ ಮೂಡಿತ್ತು.

ಇಪ್ಪತ್ತೆರಡು ವರ್ಷದಿಂದ ನಾನು ಎಂಟನೆಯ ತರಗತಿಗೆ ಕನ್ನಡಿಯ ಪ್ರತಿಬಿಂಬ ಹೇಳಿಕೊಡುತ್ತಿದ್ದೇನೆ. ಅಚ್ಚಿನಲ್ಲಿ ತಿರುಗುಮುರುಗು ಬರೆಯಬೇಕು ಎಂದು ಮೂರು ವಾರದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಅಲ್ಲಿ ನಿಂತಿದ್ದ ಒಬ್ಬರು ಬಗ್ಗಿ ನೋಡಿ, "ಇದಿ ಕನ್ನಡಮಾ?" ಎಂದು ತೆಲುಗಿನಲ್ಲಿ ಕೇಳಿದರು. ಅವರ ಪಕ್ಕದಲ್ಲಿದ್ದವರು ಮಾಧವರಂ ಕಡೆಯವರು, ಕನ್ನಡ ಬಲ್ಲವರು. "ಇಲ್ಲ ಬಿಡ್ರಿ, ತೆಲುಗು ಇರಬೇಕು," ಎಂದರು. ಇಬ್ಬರಿಗೂ ತಮ್ಮದಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ.

ನನ್ನ ಮುಖ ಕೆಂಪಾಗಿತ್ತು. "ಅವ್ವಾ, ತಲಿಕೆಳಗ... ಅಲ್ಲ, ಎಡಬಲ ಆಗೈತಿ. ಇದನ್ನ ಬಿಡು, ಬ್ಯಾರೆ ಮಾಡಿ ತರ್ತೀನಿ," ಎಂದೆ.

ಹದಿನೈದು ದಿನಕ್ಕೆ ಸರಿಯಾದ 'ನ' ಮಾಡಿಕೊಂಡು ಹೋದೆ. ಮುದುಕಿ ಎರಡನ್ನೂ ಒಂದೇ ಚೂರಿನ ಮೇಲೆ ಪಕ್ಕಪಕ್ಕ ಹೊಡೆದು, ಬಹಳ ಹೊತ್ತು ನೋಡಿ, ಅತ್ತೆಯ ಕಡೆ ತಿರುಗಿಸಿ ಹಿಡಿದಳು. "ಯಾವುದು ಛಲೋ ಐತಿ ನೋಡ್ರಿ, ಅಮ್ಮಾ."

ಅತ್ತೆ ಕನ್ನಡಕ ಏರಿಸಿಕೊಂಡರು. ಆ ಚೂರನ್ನು ಕೈಗೆ ತೆಗೆದುಕೊಂಡರು, ಬೆಳಕಿಗೆ ಹಿಡಿದರು. ತೊಗಲು ಅವರ ಕೈಯಲ್ಲಿದೆ ಎಂದು ನಾನು ನೋಡಿದೆ, ಮುದುಕಿಯೂ ನೋಡಿದಳು.

"ಇದು ಸರಿ ಐತಿ," ಎಂದು ಹೊಸದನ್ನು ಮುಟ್ಟಿದರು. "ಇದು ಚಂದ ಐತಿ," ಎಂದು ತಿರುವುಮುರುವು ಇದ್ದದ್ದನ್ನು ಮುಟ್ಟಿದರು.

"ಹಂಗಂದ್ರ ಚಂದದ್ದ ಇರ್ಲಿ. ಸರಿ ಇದ್ದದ್ದು ಎಲ್ಲಾರೂ ಬರೀತಾರ," ಎಂದು ಮುದುಕಿ ಅದನ್ನು ತನ್ನ ಡಬ್ಬಿಗೆ ಹಾಕಿಕೊಂಡಳು.

ಈಗ ಅವಳು ಹೊಲಿದ ಚಪ್ಪಲಿಗಳು ಆ ಅಕ್ಷರ ಹೊತ್ತು ಆದೋನಿಯ ಬೀದಿಗಳಲ್ಲಿ ಓಡಾಡುತ್ತಿವೆ. ಅದು ಏನೆಂದು ಕೇಳಿದವರಿಗೆ ಅವಳು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾಳಂತೆ. ಒಬ್ಬರಿಗೆ ಹಕ್ಕಿ, ಒಬ್ಬರಿಗೆ ಬಸವನಹುಳು. ಸರಿಯಾದ 'ನ' ನನ್ನ ಹತ್ತಿರವೇ ಉಳಿದಿದೆ. ಈ ಭಾನುವಾರದಿಂದ ನವಿಲು ಮಾಡಲು ಹಿಡಿದಿದ್ದೇನೆ. ಕೊಕ್ಕು ಈಗಾಗಲೇ ಎರಡು ಸಲ ಮುರಿದಿದೆ. ಮೂರನೆಯ ಸಲವೂ ಮುರಿದರೆ ಪಾರಿವಾಳ ಮಾಡು ಎಂದು ಅತ್ತೆ ಹೇಳಿದ್ದಾರೆ.